ಜ್ಞಾನಭಾರತಿಯ ಸುತ್ತ ನಾವೀನ್ಯತಾ ನಗರಿ: ಬೇಕೇ, ಬೇಡವೇ?

ಪರ: ಖಾಲಿ ಬಿಟ್ಟ ನೆಲ ಉಳಿಯುವುದಿಲ್ಲ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿ, ಹೊರವರ್ತುಲ ರಸ್ತೆ. ಈ ಮೂರೂ ಕಡೆ ಕಚೇರಿಗಳು ಮೊದಲು ಬಂದವು, ಬಸ್ಸು, ನೀರು, ಒಳಚರಂಡಿ ಆಮೇಲೆ ಏದುಸಿರು ಬಿಡುತ್ತಾ ಹಿಂದೆ ಬಂದವು. ಈ ಕ್ರಮವನ್ನು ತಿರುವುಮುರುವು ಮಾಡುವ ಅವಕಾಶ ನಗರದ ಪಶ್ಚಿಮದಲ್ಲಿ ಇನ್ನೂ ಇದೆ: ವಿಶ್ವವಿದ್ಯಾಲಯ, ಪ್ರಯೋಗಾಲಯ, ಕಂಪನಿ, ಕಾರ್ಯಾಗಾರ ಒಂದೇ ನಕ್ಷೆಯೊಳಗೆ ಅಕ್ಕಪಕ್ಕ ಇರುವ ನಾವೀನ್ಯತಾ ನಗರಿಯನ್ನು ಅಲ್ಲಿ ಕಟ್ಟಬಹುದು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಸುಮಾರು 1,100 ಎಕರೆ. 2021ರ ಆಗಸ್ಟ್‌ನಿಂದ ನೇರಳೆ ಮಾರ್ಗದ ಮೆಟ್ರೊ ಅದರ ಬಾಗಿಲಿಗೇ ಬರುತ್ತಿದೆ. ಪಕ್ಕದ ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ, ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇದೆ. ಅತ್ತ ಕುಂಬಳಗೋಡಿನ ಕಾರ್ಖಾನೆಗಳು, ಇತ್ತ ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳು. ಇಷ್ಟೆಲ್ಲ ಇದ್ದೂ ಪ್ರತಿಯೊಂದಕ್ಕೂ ಅದರದೇ ಕಾಂಪೌಂಡು, ಅದರದೇ ಗೇಟು.

ವಿದ್ಯೆ ಮತ್ತು ಉದ್ಯಮ ಕೈಜೋಡಿಸುವುದು ಈ ಊರಿಗೆ ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಗಂಧದ ಮರ ಕಳುಹಿಸುವುದು ನಿಂತುಹೋದಾಗ, ಎಣ್ಣೆ ತೆಗೆಯುವ ವಿಧಾನ ರೂಪುಗೊಂಡದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ. ಮೈಸೂರು ಸರ್ಕಾರದ ಗಂಧದೆಣ್ಣೆ, ಸಾಬೂನು ಕಾರ್ಖಾನೆಗಳು ಅದರ ಬೆನ್ನಿಗೇ ಬಂದವು. 1940ರಲ್ಲಿ ವಿಮಾನ ಕಾರ್ಖಾನೆ ಶುರುವಾಯಿತು, 1942ರಲ್ಲಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಜ್ಞಾನದ ವಿಭಾಗ. ಆ ಸಾಮೀಪ್ಯವನ್ನು ಜ್ಞಾನಭಾರತಿಯ ವಿದ್ಯಾರ್ಥಿಗಳಿಗೆ ನಾವು ಯಾಕೆ ಕೊಡಬಾರದು?

ಯೋಜನೆ ಬೇಡ, ಹಸಿರು ಹಾಗೆಯೇ ಇರಲಿ ಎನ್ನುವವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಯೋಜನೆಯಿಲ್ಲದೆ ಬಿಟ್ಟ ನೆಲ ಯಾರಿಗೂ ಗೊತ್ತಾಗದಂತೆ ಕರಗುತ್ತದೆ. ಆವರಣದಿಂದ ಹಿಂದೆಯೂ ಒಂದೊಂದು ಸಂಸ್ಥೆಗೆ ಒಂದೊಂದು ತುಂಡು ಹೋಗಿದೆ. ಸಂಸ್ಥೆಗಳು ಒಳ್ಳೆಯವೇ, ಒಟ್ಟು ನಕ್ಷೆ ಮಾತ್ರ ಇರಲಿಲ್ಲ. ಆವರಣದ ರಸ್ತೆಗಳು ನಗರಕ್ಕೆ ಅಡ್ಡದಾರಿಯಾಗಿವೆ. 2022ರ ಅಕ್ಟೋಬರ್‌ನಲ್ಲಿ ವಿದ್ಯಾರ್ಥಿನಿಯೊಬ್ಬರು ಆವರಣದೊಳಗೇ ಬಸ್ಸಿಗೆ ಸಿಲುಕಿದ ಮೇಲೆ ಹೊರಗಿನ ವಾಹನಗಳನ್ನು ನಿಲ್ಲಿಸಿ ಎಂದು ಸಹಪಾಠಿಗಳು ಧರಣಿ ಕುಳಿತರು. ಮಹಾಯೋಜನೆಯೊಂದು ಮೊದಲು ಬರೆಯಬೇಕಾದ ಸಾಲು ಅದೇ: ಒಳಗೆ ನಡಿಗೆ, ಸೈಕಲ್, ಸಣ್ಣ ಬಸ್, ನಗರದ ವಾಹನಗಳಿಗೆ ಹೊರಗಿನ ದಾರಿ.

ಬಾರ್ಸಿಲೋನಾ 2000ದಲ್ಲಿ ಪೊಬ್ಲೆನೋ ಎಂಬ ಹಳೆಯ ಕಾರ್ಖಾನೆಗಳ ಪ್ರದೇಶವನ್ನು ಹೀಗೆ ರೂಪಿಸಲು ಹೊರಟಿತು. ಅದರ ವಿಸ್ತಾರ ಸುಮಾರು 200 ಹೆಕ್ಟೇರ್, ಅಂದರೆ ಜ್ಞಾನಭಾರತಿಯ ಅರ್ಧಕ್ಕಿಂತ ಕಡಿಮೆ. ಹೆಚ್ಚು ಮಹಡಿ ಕಟ್ಟಲು ಅನುಮತಿ ಬೇಕಿದ್ದ ಮಾಲೀಕರು ಶೇ 30ರಷ್ಟು ನೆಲವನ್ನು ಉದ್ಯಾನ, ಮನೆ, ಸಾರ್ವಜನಿಕ ಬಳಕೆಗೆ ಬಿಟ್ಟುಕೊಡಬೇಕಿತ್ತು. ನಿಯಮ ಕಾಗದದ ಮೇಲಿದ್ದುದರಿಂದಲೇ ನಗರ ತನ್ನ ಪಾಲನ್ನು ಕೇಳಲು ಸಾಧ್ಯವಾಯಿತು. ನಾವೂ ಕಾಗದದ ಮೇಲೆ ಬರೆಯೋಣ: ನೆಲ ಮಾರಾಟಕ್ಕಿಲ್ಲ, ಗುತ್ತಿಗೆಗೆ ಮಾತ್ರ, ಆವರಣದೊಳಗಿನ ಜೈವಿಕ ಉದ್ಯಾನಕ್ಕೆ ಗಡಿಕಲ್ಲು, ಪ್ರತಿ ಕಟ್ಟಡದ ಬಳಸಿದ ನೀರು ಅಲ್ಲೇ ಶುದ್ಧವಾಗಿ ಮರುಬಳಕೆಯಾಗಬೇಕು, ಕಾರ್ಯಾಗಾರಗಳಲ್ಲಿ ಸ್ಥಳೀಯ ಐಟಿಐ ಹುಡುಗರಿಗೂ ಜಾಗ.

ವಿರೋಧ: ಮೊದಲು ನದಿ, ಮೊದಲು ಮೇಷ್ಟ್ರು

ಈ ಆವರಣದ ಮೂಲಕ ಒಂದು ನದಿ ಹರಿಯುತ್ತದೆ, ವೃಷಭಾವತಿ. ಬೇಸಿಗೆಯಲ್ಲಿ ಸೇತುವೆಯ ಮೇಲೆ ನಿಂತು ನೋಡಿ. ನೀರು ಕಪ್ಪಗಿರುತ್ತದೆ, ಮೇಲೆ ಕೊಳಕು ಬಿಳಿ ನೊರೆ, ದಡದ ಜೊಂಡಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳು. ದುರ್ನಾತ ಬಡಿಯುತ್ತಿದ್ದಂತೆ ಬಸ್ಸಿನ ಕಿಟಕಿಗಳು ಒಂದೊಂದಾಗಿ ಮುಚ್ಚುತ್ತವೆ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಹುಟ್ಟುವ ನದಿ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಈಗ ಅದರಲ್ಲಿ ಹರಿಯುವುದು ಮಲ್ಲೇಶ್ವರ, ರಾಜಾಜಿನಗರ, ಮೆಜೆಸ್ಟಿಕ್ ಕಡೆಯ ಮನೆಗಳ ಮತ್ತು ಕಾರ್ಖಾನೆಗಳ ಕೊಳೆ. ಆ ನೀರು ಬೈರಮಂಗಲದ ಕೆರೆ ಸೇರಿ, ಅರ್ಕಾವತಿಯನ್ನು ಕೂಡಿ ಕಾವೇರಿಗೆ ಹೋಗುತ್ತದೆ. ಬೈರಮಂಗಲದ ಸುತ್ತಿನ ರೈತರು ಅದರಲ್ಲೇ ಬೆಳೆ ಬೆಳೆಯುತ್ತಾರೆ. ಆವರಣದೊಳಗೆ ಎಷ್ಟೇ ಜಾಣ ಕಟ್ಟಡ ಕಟ್ಟಿದರೂ ಈ ಕೊಳೆಯ ಒಂದು ಹನಿಯೂ ಕಡಿಮೆಯಾಗುವುದಿಲ್ಲ, ಏಕೆಂದರೆ ಅದು ಬರುವುದು ಮೇಲಿನಿಂದ. ಈ ನದಿಯನ್ನು ಹೀಗೇ ಬಿಟ್ಟು ಅದರ ದಡದಲ್ಲಿ ಸುಸ್ಥಿರ ನಗರಿ ಎಂಬ ಫಲಕ ನೆಡುವುದನ್ನು ನಾನು ಒಪ್ಪಲಾರೆ.

ಬಾರ್ಸಿಲೋನಾದ ಮಾತಿಗೆ ಬರುತ್ತೇನೆ. ಅಲ್ಲಿ ನಗರವು ಖಾಸಗಿ ಕಾರ್ಖಾನೆಗಳ ನೆಲದಿಂದ ಸಾರ್ವಜನಿಕರಿಗೆ ಪಾಲು ಕೇಳಿತು. ಇಲ್ಲಿ ನಡೆಯುವುದು ಅದರ ತದ್ವಿರುದ್ಧ: ನೆಲ ಈಗಾಗಲೇ ನೂರಕ್ಕೆ ನೂರು ಸಾರ್ವಜನಿಕರದು, ಅದರಲ್ಲಿ ಖಾಸಗಿಯವರಿಗೆ ಪಾಲು ಕೊಡುವ ಯೋಜನೆ ಇದು. ಗುತ್ತಿಗೆ ಎಂದರೆ ಸಮಾಧಾನವೇ? ಬೆಂಗಳೂರಿನಲ್ಲಿ ಅವಧಿ ಮುಗಿದ ಗುತ್ತಿಗೆ ಜಮೀನನ್ನು ಹಿಂದಕ್ಕೆ ಪಡೆಯುವುದು ಎಷ್ಟು ಕಷ್ಟ ಎಂಬುದನ್ನು ಕಂದಾಯ ಕಚೇರಿಯ ಮೆಟ್ಟಿಲು ಹತ್ತಿದ ಯಾರನ್ನಾದರೂ ಕೇಳಬಹುದು.

ಕಾಗದದ ಮೇಲಿನ ನಿಯಮ ಎನ್ನುತ್ತಾರೆ. 2031ರ ನಗರ ಮಹಾಯೋಜನೆಯ ಕರಡು 2017ರಲ್ಲಿ ಬಂತು, 2020ರಲ್ಲಿ ಹಿಂದಕ್ಕೆ ಹೋಯಿತು. 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆ ಮುಗಿಯಬೇಕಿದ್ದ ಯೋಜನೆಯನ್ನೇ ಅದಾದ ಮೇಲೂ ಎಳೆದುಕೊಂಡು ಬರಲಾಯಿತು. ಆವರಣಕ್ಕೆ ಹತ್ತಿರದಲ್ಲೇ ಇರುವ ಕೆಂಪೇಗೌಡ ಬಡಾವಣೆಯಲ್ಲಿ ನಿವೇಶನ ಪಡೆದವರು ರಸ್ತೆ, ನೀರಿಗಾಗಿ ವರ್ಷಗಟ್ಟಲೆ ಅಲೆದರು. ಇಡೀ ಊರಿಗೆ ಹೊಸ ನಕ್ಷೆ ಕೊಡಲಾಗದ ವ್ಯವಸ್ಥೆಯ ಕೈಗೆ ಪಶ್ಚಿಮದ ಅತಿ ದೊಡ್ಡ ಹಸಿರನ್ನು ಯಾವ ಧೈರ್ಯದಲ್ಲಿ ಒಪ್ಪಿಸುವುದು?

ಇನ್ನು ಗಂಧದೆಣ್ಣೆ. ಆ ಕಥೆ ನಿಜ, ಅದರಿಂದ ತೆಗೆಯುವ ಪಾಠ ಮಾತ್ರ ತಪ್ಪು. ಆ ಕೆಲಸ ಆದದ್ದು ಪ್ರಯೋಗಾಲಯದಲ್ಲಿ ಸಂಬಳ ಪಡೆದು ಕುಳಿತ ರಸಾಯನಶಾಸ್ತ್ರಜ್ಞರಿಂದ, ಅವರ ಮುಂದೆ ತುರ್ತು ಪ್ರಶ್ನೆಯೊಂದನ್ನು ಇಟ್ಟ ಸರ್ಕಾರದಿಂದ. ವಲಯ ನಕ್ಷೆಯಿಂದ ಅಲ್ಲ. ಇಂದು ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಹುದ್ದೆಗಳು ಖಾಲಿ, ಪಾಠ ನಡೆಯುವುದು ಅತಿಥಿ ಉಪನ್ಯಾಸಕರ ದುಡಿಮೆಯಿಂದ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವ ಮೇಷ್ಟ್ರು ಯಾವ ಸಂಶೋಧನೆಗೆ ಕೈ ಹಾಕಿಯಾರು?

ನನ್ನನ್ನು ಹೆಚ್ಚು ಕಾಡುವುದು ಬಾಡಿಗೆ. ಮಾಗಡಿ, ರಾಮನಗರ, ಕನಕಪುರದ ಕಡೆಯಿಂದ, ಉತ್ತರ ಕರ್ನಾಟಕದಿಂದ ಇಲ್ಲಿಗೆ ಎಂ.ಎ., ಎಂ.ಎಸ್ಸಿ. ಓದಲು ಬರುವವರಲ್ಲಿ ಎಷ್ಟೋ ಮಂದಿ ಮನೆಯಲ್ಲೇ ಮೊದಲ ಪದವೀಧರರು. ಹಾಸ್ಟೆಲ್ ಸಿಗದಿದ್ದರೆ ಮಲ್ಲತ್ತಹಳ್ಳಿ, ಉಲ್ಲಾಳ, ನಾಗದೇವನಹಳ್ಳಿಯ ಒಂದು ಕೋಣೆಯಲ್ಲಿ ಮೂವರು ಸೇರಿ, ಸೀಮೆಂಟ್ ಕಟ್ಟೆಯ ಮೇಲೊಂದು ಗ್ಯಾಸ್ ಒಲೆ ಇಟ್ಟುಕೊಂಡು ಬದುಕುತ್ತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪಕ್ಕದ ಕೆಂಡಾಲ್ ಸ್ಕ್ವೇರ್ ಜಗತ್ತಿಗೆ ಮಾದರಿ ಎನ್ನಿಸಿಕೊಂಡಿತು, ಜೊತೆಗೆ ಅಲ್ಲಿನ ಮನೆಗಳೂ ಸಾಮಾನ್ಯರ ಕೈಗೆ ಎಟುಕದಾದವು. ಇಲ್ಲಿ ಕಂಪನಿಗಳು ಬಂದ ವರ್ಷವೇ ಆ ಕೋಣೆಯ ಬಾಡಿಗೆ ಏರುತ್ತದೆ, ಮೂವರೂ ಕೆಂಗೇರಿ ದಾಟಿ ಬಿಡದಿಯತ್ತ ಹೋಗುತ್ತಾರೆ.

ಪೀಣ್ಯದ ವರ್ಕ್‌ಶಾಪಿನವರು ತಮ್ಮ ಲೋಹದ ತುಂಡನ್ನು ಪರೀಕ್ಷಿಸಲು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಬರಲಿ ಎಂದರೆ ಬಾಗಿಲು ತೆರೆದು, ಶುಲ್ಕ ಗೊತ್ತುಮಾಡಿ, ಒಬ್ಬ ತಂತ್ರಜ್ಞರನ್ನು ಕೂರಿಸಿದರೆ ಸಾಕು. ಹೊರಗಿನ ವಾಹನ ನಿಲ್ಲಿಸಲು ಬೇಕಾದದ್ದು ಒಂದು ಆದೇಶ. ಇವೆರಡನ್ನೂ ಈ ವರ್ಷವೇ ಮಾಡಬಹುದು, ಒಂದು ಎಕರೆಯನ್ನೂ ಯಾರಿಗೂ ಕೊಡದೆ.