ಸತ್ಯಾಂಶ: ಮೆಗಾಪಿಕ್ಸೆಲ್ ಹೆಚ್ಚಿದ ಮಾತ್ರಕ್ಕೆ ಇಡೀ ಕೋಣೆ ಚಿತ್ರದಲ್ಲಿ ಬರುವುದಿಲ್ಲ

'ಮೆಗಾಪಿಕ್ಸೆಲ್ ಹೆಚ್ಚಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡರೆ ಚಿಕ್ಕ ಕೋಣೆಯೂ ಪೂರ್ತಿ ಸೆರೆಯಾಗುತ್ತದೆ' ಎಂಬ ಸಂದೇಶವೊಂದು ಕಲಬುರಗಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಮೆಗಾಪಿಕ್ಸೆಲ್ ಚಿತ್ರದ ಸೂಕ್ಷ್ಮ ವಿವರಕ್ಕೆ ಸಂಬಂಧಿಸಿದ್ದು. ಎಷ್ಟು ಅಗಲದ ದೃಶ್ಯ ಕಾಣುತ್ತದೆ ಎಂಬುದನ್ನು ಲೆನ್ಸಿನ ಫೋಕಲ್ ಲೆಂಗ್ತ್ (ಮಿ.ಮೀ.ನಲ್ಲಿ ಹೇಳುವ ಅಳತೆ; ಇದು ಕಡಿಮೆಯಾದಷ್ಟೂ ದೃಶ್ಯ ಅಗಲ) ಮತ್ತು ಬೆಳಕನ್ನು ಗ್ರಹಿಸಿ ಚಿತ್ರವಾಗಿಸುವ ಸೆನ್ಸರಿನ ಅಳತೆ ನಿರ್ಧರಿಸುತ್ತವೆ.

ಆರಂಭಿಕರ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರ್ ಇರುತ್ತದೆ. ಜೊತೆಗೆ ಬರುವ 18-55 ಮಿ.ಮೀ. ಲೆನ್ಸು 18 ಮಿ.ಮೀ.ಗೆ ಇಟ್ಟಾಗ ಅಡ್ಡಲಾಗಿ ಸುಮಾರು 65 ಡಿಗ್ರಿಯಷ್ಟನ್ನು ಮಾತ್ರ ಹಿಡಿದರೆ, 10 ಮಿ.ಮೀ. ಲೆನ್ಸು 95 ಡಿಗ್ರಿಯನ್ನೂ ಮೀರುತ್ತದೆ. ಅಂಗಳಕ್ಕೂ ಮಾಡು ಹೊದಿಸಿದ ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯಲ್ಲಿ ಕಂಬಕ್ಕೆ ಬೆನ್ನು ಹಚ್ಚಿ ನಿಂತರೂ 18ರಲ್ಲಿ ಅಕ್ಕಪಕ್ಕದ ಕಮಾನುಗಳು ಕತ್ತರಿಸಿ ಹೋಗುತ್ತವೆ. 10ರಲ್ಲಿ ಅವು ಚೌಕಟ್ಟಿನೊಳಗೆ ಬರುತ್ತವೆಯಾದರೂ, ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಕಂಬಗಳು ಒಳಕ್ಕೆ ಬಾಗಿದಂತೆ ಕಾಣುತ್ತವೆ.

ಆದ್ದರಿಂದ ಹಣ ಸೀಮಿತವಿದ್ದರೆ ಹಳೆಯ ಬಾಡಿ (ಲೆನ್ಸಿಲ್ಲದ ಕ್ಯಾಮೆರಾ) ಕೊಂಡು, ಉಳಿದದ್ದನ್ನು 10-18 ಅಥವಾ 10-20 ಮಿ.ಮೀ. ಲೆನ್ಸಿಗೆ ಹಾಕುವುದೇ ಮೇಲು. ಆದರೆ ನಿಕಾನ್ ಕಂಪನಿಯ ಎಎಫ್-ಪಿ ಎಂಬ ಸರಣಿಯ 10-20 ಲೆನ್ಸು ಡಿ3100ರಂತಹ ಹಳೆಯ ಬಾಡಿಗಳಲ್ಲಿ ಫೋಕಸ್ ಆಗುವುದಿಲ್ಲ. ಹಣ ಕೊಡುವ ಮೊದಲು ಅಂಗಡಿಯಲ್ಲೇ ಜೋಡಿಸಿ ನೋಡಬೇಕು.