ಹೋಮ್ಸ್ ಕಥೆಗಳಲ್ಲಿ ಹೆಣ್ಣುಮಕ್ಕಳ ಹಣ

ಆರ್ಥರ್ ಕಾನನ್ ಡಾಯ್ಲ್ 1891ರ ಜುಲೈನಿಂದ ಸ್ಟ್ರ್ಯಾಂಡ್ ಮಾಸಪತ್ರಿಕೆಯಲ್ಲಿ ಪ್ರಕಟಿಸಿದ ಷರ್ಲಾಕ್ ಹೋಮ್ಸ್‌ನ ಮೊದಲ ಹನ್ನೆರಡು ಸಣ್ಣಕಥೆಗಳನ್ನು ಈಚೆಗೆ ಮತ್ತೆ ಓದಿದೆ. ಪತ್ತೇದಾರಿಕೆಯ ದೃಷ್ಟಿಯಿಂದ ಅವುಗಳಲ್ಲಿ ಕೆಲವು ಇಂದು ನಿಲ್ಲುವುದಿಲ್ಲ. ‘ಬ್ಲೂ ಕಾರ್ಬಂಕಲ್’ನಲ್ಲಿ ಟೋಪಿ ದೊಡ್ಡದಿರುವುದರಿಂದ ಅದರ ಒಡೆಯ ಬುದ್ಧಿವಂತನೆಂದು ಹೋಮ್ಸ್ ತೀರ್ಮಾನಿಸುತ್ತಾನೆ, ‘ಸ್ಪೆಕಲ್ಡ್ ಬ್ಯಾಂಡ್’ನ ವಿಷಸರ್ಪವಂತೂ ಹಾಲಿನ ಆಸೆಗೆ, ಶಿಳ್ಳೆ ಕೇಳಿದೊಡನೆ ಗಂಟೆಯ ಹಗ್ಗ ಹತ್ತಿ ಯಜಮಾನನ ಬಳಿಗೆ ಮರಳುತ್ತದೆ. (ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಾವು ಈ ವಿಷಯದಲ್ಲಿ ಡಾಯ್ಲ್‌ನನ್ನು ಹೆಚ್ಚು ಹೀಯಾಳಿಸುವಂತಿಲ್ಲ.)

ಒಗಟಿನ ಉತ್ತರ ಮೊದಲೇ ಗೊತ್ತಿದ್ದಾಗ ಅಪರಾಧದ ಕಾರಣ ಎದ್ದು ಕಾಣುತ್ತದೆ. ಈ ಹನ್ನೆರಡರಲ್ಲಿ ಮೂರು ಕಥೆಗಳ ಕೇಡಿಗೆ ಕಾರಣ ಒಂದೇ: ಮಗಳು ಮದುವೆಯಾದರೆ ಅವಳ ಪಾಲಿನ ವರಮಾನ ಮನೆಯವರ ಕೈತಪ್ಪಿ ಹೋಗುತ್ತದೆ. ವಿವಾಹಿತ ಸ್ತ್ರೀಯ ಆಸ್ತಿ ಅವಳದೇ ಎಂದು ಇಂಗ್ಲೆಂಡಿನ ಕಾಯ್ದೆ ಒಪ್ಪಿದ್ದು 1882ರಲ್ಲಿ. ಈ ಕಥೆಗಳು ಬರುವಾಗ ಅದಕ್ಕೆ ಹತ್ತು ವರ್ಷವೂ ತುಂಬಿರಲಿಲ್ಲ. ‘ಸ್ಪೆಕಲ್ಡ್ ಬ್ಯಾಂಡ್’ನಲ್ಲಿ ಹೋಮ್ಸ್ ಹೆಣ್ಣುಮಕ್ಕಳ ಸತ್ತ ತಾಯಿಯ ಉಯಿಲನ್ನು ನೋಡಿ ಬಂದು ಲೆಕ್ಕ ಒಪ್ಪಿಸುತ್ತಾನೆ: ವರ್ಷಕ್ಕೆ 750 ಪೌಂಡ್ ಆದಾಯ, ಮದುವೆಯಾದರೆ ಒಬ್ಬೊಬ್ಬ ಮಗಳಿಗೆ 250 ಪೌಂಡ್. ಹಾವಿಗಿಂತ ಈ ಲೆಕ್ಕವೇ ನನ್ನನ್ನು ಹೆಚ್ಚು ಹೆದರಿಸಿತು. ಈ ಹಣಕ್ಕಾಗಿ ಮಲಮಗಳ ಮೇಲೆ ಹಾವು ಬಿಡುವ ಮಲತಂದೆ ರಾಯ್ಲಟ್ ಹಿಂದೆ ಕಲ್ಕತ್ತೆಯಲ್ಲಿ ತನ್ನ ಭಾರತೀಯ ಬಟ್ಲರನನ್ನು ಹೊಡೆದು ಕೊಂದಿದ್ದ. ಆ ಸಾವಿಗೆ ಕಥೆಯಲ್ಲಿ ಸಿಕ್ಕಿರುವುದು ಒಂದೇ ವಾಕ್ಯ, ಸತ್ತವನಿಗೆ ಹೆಸರೂ ಇಲ್ಲ.

ನನಗೆ ಸಿಟ್ಟು ಬರಿಸಿದ್ದು ‘ಎ ಕೇಸ್ ಆಫ್ ಐಡೆಂಟಿಟಿ’. ಮೇರಿ ಸದರ್‌ಲ್ಯಾಂಡ್ ಟೈಪಿಂಗ್ ಮಾಡಿ ತನ್ನ ಖರ್ಚು ನೋಡಿಕೊಂಡು, ಚಿಕ್ಕಪ್ಪ ಬಿಟ್ಟುಹೋದ ಹಣದ ಬಡ್ಡಿಯನ್ನು ಮನೆಗೆ ಕೊಡುವವಳು. ಆ ಬಡ್ಡಿಗಾಗಿ ಅವಳ ಮಲತಂದೆ ಬಣ್ಣದ ಕನ್ನಡಕ, ಸುಳ್ಳು ಮೀಸೆ ಹಾಕಿಕೊಂಡು ಪ್ರೇಮಿಯಾಗಿ ನಟಿಸಿ, ಏನೇ ಆದರೂ ತನಗಾಗಿ ಕಾಯುವೆನೆಂದು ಮಾತು ತೆಗೆದುಕೊಂಡು, ಮದುವೆಯ ದಿನವೇ ಮಾಯವಾಗುತ್ತಾನೆ. ಇದಕ್ಕೆ ಹೆತ್ತ ತಾಯಿಯ ಸಹಕಾರವೂ ಇದೆ. ಪ್ರೇಮಪತ್ರಗಳ ಟೈಪ್ ಅಕ್ಷರಗಳ ಸವಕಲನ್ನು ನೋಡಿ ಹೋಮ್ಸ್ ಇದನ್ನು ಪತ್ತೆಹಚ್ಚುವ ರೀತಿ ಇಂದಿಗೂ ಮೆಚ್ಚುವಂಥದ್ದು. ಆದರೆ ಹೇಳಿದರೂ ನಂಬಲಾರಳೆಂಬ ನೆಪದಲ್ಲಿ ಅವನು ಮೇರಿಗೆ ಸತ್ಯವನ್ನೇ ತಿಳಿಸುವುದಿಲ್ಲ. ಅಂದಿನ ಓದುಗರಿಗೆ ಇದು ದಾಕ್ಷಿಣ್ಯವಾಗಿ ಕಂಡಿದ್ದೀತು. ನನಗೆ ಮಾತ್ರ ಅವನೂ ಆ ಮೋಸಕ್ಕೆ ಕೈಜೋಡಿಸಿದಂತೆ ಕಾಣುತ್ತದೆ.

ಹಾಗಾಗಿ ಈ ಬಾರಿ ಹೆಚ್ಚು ಹಿಡಿಸಿದ್ದು ‘ಕಾಪರ್ ಬೀಚಸ್’. ಅಲ್ಲಿಯೂ ಹಣವನ್ನು ತನಗೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕೆಂದು ಪೀಡಿಸಿ ಮಗಳನ್ನು ಕೂಡಿಹಾಕುವ ತಂದೆಯಿದ್ದಾನೆ, ಆದರೆ ಹೋಮ್ಸ್ ಬಾಗಿಲು ಮುರಿಯುವಷ್ಟರಲ್ಲಿ ಆಲಿಸ್ ತನ್ನ ಪ್ರಿಯಕರ ತಂದ ಏಣಿಯ ಮೂಲಕ ಪಾರಾಗಿರುತ್ತಾಳೆ. ಬೀಗ ಹಾಕಿದ ಭಾಗದ ಗುಟ್ಟನ್ನು ಮೊದಲು ಗಮನಿಸಿದವಳು ಸಂಬಳಕ್ಕೆ ಬಂದ ಶಿಕ್ಷಕಿ ವಯೊಲೆಟ್ ಹಂಟರ್. ಮುಂದೆ ಅವಳು ವಾಲ್ಸಾಲ್‌ನಲ್ಲಿ ಶಾಲೆಯೊಂದರ ಮುಖ್ಯಸ್ಥೆಯಾದಳೆಂದು ಕಥೆ ಹೇಳುವ ಹೋಮ್ಸ್‌ನ ಗೆಳೆಯ ವಾಟ್ಸನ್ ತಿಳಿಸುತ್ತಾನೆ. ಪ್ರಕರಣ ಮುಗಿದ ಮೇಲೆ ಹೋಮ್ಸ್‌ಗೆ ಅವಳಲ್ಲಿ ಆಸಕ್ತಿಯೇ ಉಳಿಯಲಿಲ್ಲವೆಂದು ವಾಟ್ಸನ್ ಬೇಸರಪಡುತ್ತಾನೆ. ಅವಳು ಮಾತ್ರ ಅವನ ಆಸಕ್ತಿಗಾಗಿ ಕಾದಂತೆ ಕಥೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ.