ಬ್ಯಾಗಿಗೆ ದುಡ್ಡಿದೆ, ಅಕ್ಕನ ಪಗಾರಕ್ಕೆ ಇಲ್ಲ

ನಿನ್ನೆ ಮಧ್ಯಾಹ್ನದಿಂದ ತಲೆ ಬಿಸಿಯಾಗಿದೆ. ರಾತ್ರಿ ಸರಿಯಾಗಿ ನಿದ್ದೆಯೂ ಬರಲಿಲ್ಲ. ಇಲ್ಲಾದರೂ ಹೇಳಿಕೊಳ್ಳೋಣ ಅಂತ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ.

ನಿನ್ನೆ ವಿಜಯಪುರದ ಒಂದು ಹೋಟೆಲ್ ಹಾಲ್‌ನಲ್ಲಿ ಮೀಟಿಂಗ್ ಇತ್ತು. ದೊಡ್ಡ ಕಂಪನಿಯೊಂದರ ಸಿಎಸ್‌ಆರ್ (ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡುವ ವಿಭಾಗ) ತಂಡ ಬಂದಿತ್ತು. ಮಕ್ಕಳು ಮತ್ತು ಕುಟುಂಬಗಳ ಜೊತೆ ಕೆಲಸ ಮಾಡುವ ಸಣ್ಣ ಸಂಸ್ಥೆಗಳನ್ನು ಕರೆದಿದ್ದರು. ಕಂಪನಿಯ ಹೆಸರು ಹೇಳುವುದಿಲ್ಲ. ಹದಿನಾರು ವರ್ಷದಲ್ಲಿ ಇದೇ ಮಾತನ್ನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ, ಒಬ್ಬರನ್ನೇ ಹಿಡಿದು ಬಯ್ಯುವುದರಲ್ಲಿ ಅರ್ಥವಿಲ್ಲ.

ನಮ್ಮದೂ ಅಂಥದ್ದೇ ಒಂದು ಸಣ್ಣ ಸಂಸ್ಥೆ. ನಮ್ಮ ಕೆಲಸ ಇದು. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಮನೆಗಳ ಮಕ್ಕಳನ್ನು ಊರಲ್ಲೇ, ಶಾಲೆಯಲ್ಲೇ ಉಳಿಸುವುದು. ಬಜೆಟ್ ಪರದೆಯ ಮೇಲೆ ಬಂತು. ಅಧಿಕಾರಿ ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತಿನವರು. ಒಂದೊಂದೇ ಸಾಲು ನೋಡುತ್ತಾ ಬಂದು ಪಗಾರದ ಸಾಲಿಗೆ ನಿಂತರು.

"ಮೇಡಮ್, ಇದನ್ನ ತೆಗೀಬೇಕಾಗುತ್ತೆ. ಸ್ಯಾಲರಿಗೆ ನಾವು ಕೊಡಲ್ಲ. ಬೇಕಾದ್ರೆ ಐನೂರು ಮಕ್ಕಳಿಗೆ ಸ್ಕೂಲ್ ಬ್ಯಾಗ್ ಕೊಡ್ತೀವಿ."

ಪಕ್ಕದಲ್ಲಿ ನಮ್ಮ ಸಂಸ್ಥೆಯ ಕಾರ್ಯಕರ್ತೆ, ನಾನು ಅಕ್ಕ ಅಂತ ಕರೆಯುವವಳು, ಕೂತಿದ್ದಳು. ಲಂಬಾಣಿ ತಾಂಡಾದವಳೇ. ಇಂಡಿ ಕಡೆಯ ನಾಲ್ಕು ತಾಂಡಾಗಳನ್ನು ಅವಳೇ ನೋಡಿಕೊಳ್ಳುತ್ತಾಳೆ. ಸಾಮಾನ್ಯವಾಗಿ ಇಂಥ ಮೀಟಿಂಗಿನಲ್ಲಿ ಅವಳು ಬಾಯಿ ಬಿಡುವುದಿಲ್ಲ. ನಿನ್ನೆ ಎದ್ದು ನಿಂತಳು.

"ಅಲ್ರಿ ಸರ್, ಹುಡುಗ್ರು ಕಬ್ಬಿನ ಹೊಲದಾಗ ಇದ್ರ ಬ್ಯಾಗ್ ಯಾರಿಗಿ ಕೊಡೂದ್ರಿ?"

ಹಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. "ನೋಟ್ ಮಾಡ್ಕೊಳ್ತೀವಿ" ಅಂದರು. ಮುಂದಿನ ಸಂಸ್ಥೆಯ ಬಜೆಟ್ ಪರದೆಗೆ ಬಂತು.

ಅಕ್ಕ ಏನು ಕೆಲಸ ಮಾಡುತ್ತಾಳೆ ಅಂತ ಹೇಳಬೇಕು. ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥ ಆಗುವುದಿಲ್ಲ.

ದಸರಾ, ದೀಪಾವಳಿ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗ್‌ಗಳು ಹೊರಡುತ್ತವೆ. ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಮಳೆಗಾಲದಲ್ಲೇ ಅಡ್ವಾನ್ಸ್ ಕೊಟ್ಟಿರುತ್ತಾನೆ. ಗಂಡ, ಹೆಂಡತಿ ಇಬ್ಬರೂ ಹೋಗಬೇಕು. ಮನೆಯಲ್ಲಿ ಅಜ್ಜಿ ಇದ್ದರೆ ಮಗು ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಅಲ್ಲಿ ಸಣ್ಣ ತಮ್ಮನನ್ನು ನೋಡಿಕೊಳ್ಳುವುದು, ನೀರು ತರುವುದು, ಸೋಗೆ ಕಟ್ಟುವುದು. ಹೋಳಿ ಅಥವಾ ಯುಗಾದಿಗೆ ತಿರುಗಿ ಬರುವಾಗ ಶಾಲೆಯ ವರ್ಷವೇ ಮುಗಿಯುತ್ತಾ ಬಂದಿರುತ್ತದೆ. ಯಾವ ಮನೆ ಅಡ್ವಾನ್ಸ್ ತೆಗೆದುಕೊಂಡಿದೆ ಅಂತ ಅಕ್ಕನಿಗೆ ಆಗಸ್ಟ್‌ನಲ್ಲೇ ಗೊತ್ತಿರುತ್ತದೆ. ಅವಳು ಆ ಮನೆಗೆ ನಾಲ್ಕು ಸಲ ಹೋಗುತ್ತಾಳೆ. ಅಜ್ಜಿಯ ಹತ್ತಿರ ಲಂಬಾಣಿಯಲ್ಲಿ ಮಾತಾಡುತ್ತಾಳೆ. ಹೆಡ್‌ಮಾಸ್ತರ್ ಹತ್ತಿರ ಹೋಗಿ ಹಾಸ್ಟೆಲ್ ಅರ್ಜಿ ತರುತ್ತಾಳೆ. ಮಗು ಉಳಿಯುವುದು ಈ ನಾಲ್ಕು ಭೇಟಿಯಿಂದ. ಇದಕ್ಕೆ ಬಿಲ್ ಇಲ್ಲ, ಫೋಟೋ ಇಲ್ಲ. ಪಗಾರ ಮಾತ್ರ ಇದೆ, ಅದೂ ತಿಂಗಳಿಗೆ 12,000 ರೂಪಾಯಿ.

ಬ್ಯಾಗ್ ಬೇಡ ಅಂತ ಹೇಳುತ್ತಿಲ್ಲ. ಹೊಸ ಬ್ಯಾಗ್ ಕೈಗೆ ಬಂದಾಗ ಮಕ್ಕಳ ಮುಖ ಹೇಗಿರುತ್ತದೆ ಅಂತ ನಾನೂ ನೋಡಿದ್ದೇನೆ. ಆದರೆ ಬ್ಯಾಗ್ ತಾನಾಗಿ ನಡೆದು ಹೋಗಿ ಮಗುವನ್ನು ಶಾಲೆಗೆ ಕರೆದು ತರುವುದಿಲ್ಲ, ಅಲ್ವಾ?

ಇನ್ನೊಂದು ಲೆಕ್ಕ ಕೇಳಿ. ಮಕ್ಕಳ ರಕ್ಷಣೆಗೆ ಇರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಇದೆ. ತಂದೆ ತೀರಿಕೊಂಡಿರುವ, ತಾಯಿಯನ್ನು ತಂದೆ ಬಿಟ್ಟುಹೋಗಿರುವ, ಅಥವಾ ಇಬ್ಬರೂ ಇಲ್ಲದೆ ನೆಂಟರ ಮನೆಯಲ್ಲಿರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಾದರೆ ಮನೆಯ ವರಮಾನ ವರ್ಷಕ್ಕೆ 72,000 ದಾಟಬಾರದು, ಉಳಿದ ಕಡೆ 96,000. ಒಳ್ಳೆಯ ಯೋಜನೆ. ಆದರೆ ಗಂಡನನ್ನು ಕಳೆದುಕೊಂಡ ಇಪ್ಪತ್ತಾರು ವರ್ಷದ ಹೆಣ್ಣುಮಗಳು ಮರಣ ಪ್ರಮಾಣಪತ್ರ, ವರಮಾನ ಪ್ರಮಾಣಪತ್ರ, ಆಧಾರ್ ತಿದ್ದುಪಡಿ, ಮಗುವಿನ ಬ್ಯಾಂಕ್ ಖಾತೆ ಎಲ್ಲ ಒಬ್ಬಳೇ ಮಾಡಿಸಿಕೊಂಡು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರುತ್ತಾಳಾ? ದಿನದ ಕೂಲಿ ಬಿಟ್ಟು? ಜೊತೆಗೆ ಒಬ್ಬರು ಬೇಕು. ಅಕ್ಕ ಎರಡು ವರ್ಷದಲ್ಲಿ ಒಂಬತ್ತು ಮಕ್ಕಳಿಗೆ ಇದನ್ನು ಮಾಡಿಸಿದ್ದಾಳೆ. ಒಂಬತ್ತು ಮಕ್ಕಳಿಗೆ ವರ್ಷಕ್ಕೆ 4,32,000 ರೂಪಾಯಿ ಆಗುತ್ತದೆ. ಅಕ್ಕನ ವರ್ಷದ ಪಗಾರ 1,44,000. ಲಾಭ, ನಷ್ಟದ ಭಾಷೆಯಲ್ಲೇ ಮಾತಾಡುವುದಾದರೂ ಇದಕ್ಕಿಂತ ಒಳ್ಳೆಯ ಖರ್ಚು ಯಾವುದಿದೆ ಹೇಳಿ.

ಊಟದ ಹೊತ್ತಿಗೆ ಆ ಅಧಿಕಾರಿಯ ಹತ್ತಿರ ಹೋದೆ. "ಮೇಡಮ್, ನನಗೂ ಅರ್ಥ ಆಗುತ್ತೆ, ಆದರೆ ಕಾನೂನು ಬಿಡಲ್ಲ. ಶೇ. 5ಕ್ಕಿಂತ ಜಾಸ್ತಿ ಕೊಡೋ ಹಾಗಿಲ್ಲ" ಅಂದರು. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ಯಾಕೆಂದರೆ ಆ ನಿಯಮವನ್ನು ನಾನು ಕೂತು ಓದಿದ್ದೇನೆ.

ಕಂಪನಿ ಕಾಯ್ದೆ 2013ರ ಸೆಕ್ಷನ್ 135 ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಶೇ. 5ರ ಮಿತಿ ಇರುವುದು ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ. ಅಂದರೆ ಅವರ ಸಿಎಸ್‌ಆರ್ ವಿಭಾಗದ ಸಂಬಳ, ಓಡಾಟ, ಕಾಗದ ಪತ್ರ. ಯೋಜನೆಯನ್ನು ನೇರವಾಗಿ ನಡೆಸುವ ಖರ್ಚು ಅದರಲ್ಲಿ ಬರುವುದಿಲ್ಲ. 2021ರ ಆಗಸ್ಟ್‌ನಲ್ಲಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಪ್ರಶ್ನೋತ್ತರ ರೂಪದ ಸುತ್ತೋಲೆಯನ್ನೇ ಹೊರಡಿಸಿದೆ. ಶಿಕ್ಷಣದ ಯೋಜನೆಯಲ್ಲಿ ಶಿಕ್ಷಕರ ಮತ್ತು ಇತರ ಸಿಬ್ಬಂದಿಯ ಸಂಬಳ ಯೋಜನೆಯ ಖರ್ಚೇ ಅಂತ ಅದರಲ್ಲಿ ಉದಾಹರಣೆ ಕೊಟ್ಟು ಹೇಳಿದೆ. ಅಕ್ಕನ ಪಗಾರ ಆಡಳಿತ ವೆಚ್ಚ ಅಲ್ಲ. ಅಕ್ಕನೇ ಯೋಜನೆ.

ವಿದೇಶಿ ದೇಣಿಗೆಯಲ್ಲೂ ಇದೇ ಗೊಂದಲ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯಲ್ಲಿ ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಗಳು ತಮಗೆ ಬಂದ ವಿದೇಶಿ ಹಣವನ್ನು ನಮ್ಮಂಥ ಸಣ್ಣವರಿಗೆ ಕೊಡುವುದೂ ಬಂದ್ ಆಯಿತು. ಆ ಪೆಟ್ಟು ದೊಡ್ಡದೇ. ಆದರೆ ಅಲ್ಲಿಯೂ ಆಸ್ಪತ್ರೆಯ ಡಾಕ್ಟರ್ ಸಂಬಳ, ಶಾಲೆಯ ಶಿಕ್ಷಕರ ಸಂಬಳ ಆಡಳಿತ ವೆಚ್ಚದ ಲೆಕ್ಕಕ್ಕೆ ಬರುವುದಿಲ್ಲ. ಕಾನೂನು ಬಿಟ್ಟಿದೆ. ಕೊಡುವವರು ಬಿಡುತ್ತಿಲ್ಲ.

ಅವಧಿಯ ಮಾತೂ ಹಾಗೇ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಯೋಜನೆ ನಡೆಸಲು ಸಿಎಸ್‌ಆರ್ ನಿಯಮದಲ್ಲಿ ಅವಕಾಶ ಇದೆ. ನಮಗೆ ಸಿಗುವುದು ಹತ್ತು, ಹನ್ನೊಂದು ತಿಂಗಳು. ಒಮ್ಮೊಮ್ಮೆ ಹಣ ಜನವರಿಯಲ್ಲಿ ಬರುತ್ತದೆ, ಮಾರ್ಚ್ 31ರೊಳಗೆ ಖರ್ಚಾಗಬೇಕು. ಜನವರಿಯಲ್ಲಿ ತಾಂಡಾಕ್ಕೆ ಹೋದರೆ ಬಾಗಿಲಿಗೆ ಬೀಗ. ಆ ಮೂರು ತಿಂಗಳಲ್ಲಿ ಕೊಳ್ಳಬಹುದಾದದ್ದು ಯಾವುದು? ಮತ್ತೆ ಬ್ಯಾಗೇ.

ಓಡಾಟದ ಖರ್ಚನ್ನೂ ಕತ್ತರಿಸಿದರು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಇದೆಯಲ್ಲ ಅಂದರು. ಬಸ್ ನಿಲ್ಲುವ ಕ್ರಾಸಿನಿಂದ ತಾಂಡಾ ಮೂರು ಕಿಲೋಮೀಟರ್. ಸಂಜೆ ಆರಕ್ಕೆ ಕೂಲಿಯಿಂದ ಬಂದ ಮೇಲೆ ಮಾತ್ರ ಮನೆಯಲ್ಲಿ ಜನ ಸಿಗುತ್ತಾರೆ. ತಿರುಗಿ ಬರುವಾಗ ಕತ್ತಲು.

ನಿಮ್ಮಲ್ಲಿ ಕೆಲವರು ಈಗ ಕಾಮೆಂಟ್ ಹಾಕುತ್ತೀರಿ, ಎನ್‌ಜಿಒದವರು ದುಡ್ಡು ತಿಂತಾರೆ, ಅದಕ್ಕೇ ಕೊಡೋರಿಗೆ ಹೆದರಿಕೆ ಅಂತ. ತಿನ್ನುವವರು ಇದ್ದಾರೆ. ನನಗೆ ಗೊತ್ತಿರುವವರೂ ಇದ್ದಾರೆ. ಆದರೆ ಕಳ್ಳರು ಎಲ್ಲಿ ತಿನ್ನುತ್ತಾರೆ ಅಂತ ಯೋಚಿಸಿ. ಇನ್ನೂರರ ಬ್ಯಾಗಿಗೆ ಮುನ್ನೂರೈವತ್ತರ ಬಿಲ್ ಮಾಡಿಸುವುದು ಸುಲಭ. ತಿಂಗಳು ತಿಂಗಳು ಒಬ್ಬ ಹೆಣ್ಣುಮಗಳ ಖಾತೆಗೆ ಹೋಗುವ ಪಗಾರದಲ್ಲಿ ತಿನ್ನುವುದು ಕಷ್ಟ. ತಾಂಡಾಕ್ಕೆ ಹೋಗಿ ಕೇಳಿದರೆ ಅವಳು ಬರುತ್ತಾಳೋ ಇಲ್ಲವೋ ಅಂತ ಮಕ್ಕಳೇ ಹೇಳುತ್ತಾರೆ. ಆಡಿಟ್ ಮಾಡಲಿ. ನಾವು ಎಲ್ಲ ಕೊಡುತ್ತೇವೆ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್ ಹಣಕ್ಕೆ ನೋಂದಣಿ ನಂಬರ್ ಬೇಕು, ಮಾಡಿಸಿದ್ದೇವೆ. ತೆರಿಗೆ ವಿನಾಯಿತಿಯ ನೋಂದಣಿ ನವೀಕರಿಸಬೇಕು, ಅದನ್ನೂ ಮಾಡಿದ್ದೇವೆ. ಇಷ್ಟೆಲ್ಲ ನೋಡಿದ ಮೇಲೂ ನಂಬಿಕೆ ಬ್ಯಾಗಿನ ಮೇಲೆ ಮಾತ್ರ ಅಂದರೆ ಹೊಟ್ಟೆ ಉರಿಯುತ್ತದೆ.

ಸೇವೆ ಅಂದ ಮೇಲೆ ಪಗಾರ ಯಾಕೆ ಅನ್ನುವವರಿಗೆ ಉತ್ತರ ಕೊಡುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ. ಅಕ್ಕನಿಗೆ ಇಬ್ಬರು ಮಕ್ಕಳು. ಮನೆಯಲ್ಲಿ ಜೋಳ ಬೇಕು.

ಈಗ ಒಂದು ವಿಷಯ ಹೇಳುತ್ತೇನೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

2019ರ ಮಾರ್ಚ್‌ನಲ್ಲಿ ನಮ್ಮ ಒಂದು ಗ್ರಾಂಟ್ ಮುಗಿಯಿತು. ಅಕ್ಕನನ್ನು ಕೂರಿಸಿಕೊಂಡು "ಎರಡು ತಿಂಗಳು ತಡ್ಕೋ ಅಕ್ಕಾ, ಹೊಸ ಪ್ರಾಜೆಕ್ಟ್ ಬಂದ ಕೂಡಲೇ ಕರೀತೀನಿ" ಅಂದೆ. ಜುಲೈನಲ್ಲಿ ಹೊಸ ಪ್ರಾಜೆಕ್ಟ್ ಬಂತು. ಶಾಲೆಗಳಿಗೆ ಟ್ಯಾಬ್ ಕೊಡುವ ಪ್ರಾಜೆಕ್ಟ್. ಅದರಲ್ಲಿ ಪಗಾರದ ಸಾಲು ಇರಲಿಲ್ಲ. ಆಫೀಸಿನ ಬಾಡಿಗೆ ಮೂರು ತಿಂಗಳು ಬಾಕಿ ಇತ್ತು. ನಾನು ಸಹಿ ಹಾಕಿದೆ. ಅಕ್ಕನನ್ನು ಕರೆಯಲಿಲ್ಲ. ಅವಳು ತಿಕೋಟಾ ಕಡೆ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋದಳು.

ಆ ದೀಪಾವಳಿ ಆದ ಮೇಲೆ ಏಳನೇ ಕ್ಲಾಸಿನ ಒಬ್ಬ ಹುಡುಗಿ ಗ್ಯಾಂಗ್ ಜೊತೆ ಹೋದಳು. ಅಕ್ಕ ಎರಡು ವರ್ಷದಿಂದ ಅವಳನ್ನು ಉಳಿಸಿಕೊಂಡು ಬಂದಿದ್ದಳು. ತಿರುಗಿ ಬಂದಾಗ ಮದುವೆ ಆಗಿತ್ತು. ಹದಿಮೂರು ವರ್ಷ. ಅಕ್ಕ ಕೆಲಸದಲ್ಲಿ ಇದ್ದಿದ್ದರೆ ಮಾತುಕತೆ ನಡೆಯುವಾಗಲೇ ಅವಳ ಕಿವಿಗೆ ಬೀಳುತ್ತಿತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋಗುತ್ತಿತ್ತು. ಯಾರೂ ಇರಲಿಲ್ಲ, ಫೋನ್ ಹೋಗಲಿಲ್ಲ. ಆ ವರ್ಷದ ನಮ್ಮ ವರದಿಯಲ್ಲಿ ಟ್ಯಾಬ್ ಹಿಡಿದು ನಗುವ ಮಕ್ಕಳ ಫೋಟೋ ಇದೆ. ಅದನ್ನು ಆರಿಸಿದ್ದೂ ನಾನೇ. ಮುಂದಿನ ವರ್ಷ ಅಕ್ಕನ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಅವಳು ಚಹಾ ಕೊಟ್ಟಳು. ಆ ಹುಡುಗಿಯ ಮಾತು ಎತ್ತಲೇ ಇಲ್ಲ.

ಅದಕ್ಕೇ ಇವತ್ತು ಬೆಳಿಗ್ಗೆ ಬಜೆಟ್ ತಿದ್ದಿ ವಾಪಸ್ ಕಳಿಸಿದೆ. ಮೊದಲ ಸಾಲಿಗೇ ಅಕ್ಕನ ಪಗಾರ ಬರೆದಿದ್ದೇನೆ, 12,000 ತೆಗೆದು 15,000 ಮಾಡಿದ್ದೇನೆ. ಜೊತೆಗೆ ಆ ಸುತ್ತೋಲೆಯನ್ನೂ ಹಚ್ಚಿದ್ದೇನೆ. ಪಗಾರ ತೆಗೆದರೆ ಬ್ಯಾಗೂ ಬೇಡ ಅಂತ ಬರೆದಿದ್ದೇನೆ. ಬಹುಶಃ ಆ ಹಣ ನಮಗೆ ಬರುವುದಿಲ್ಲ. ಈ ಬರಹ ಓದುವವರಲ್ಲಿ ಕಂಪನಿಗಳಲ್ಲಿ ಇರುವವರು ಸುಮಾರು ಜನ ಇದ್ದೀರಿ. ನಿಮ್ಮ ಸಿಎಸ್‌ಆರ್ ವಿಭಾಗದವರಿಗೆ ಆ ಸುತ್ತೋಲೆ ಒಮ್ಮೆ ಓದಲು ಹೇಳಿ. ನಮಗೇ ಕೊಡಿ ಅಂತ ಕೇಳುತ್ತಿಲ್ಲ. ಯಾರಿಗೆ ಕೊಟ್ಟರೂ ಜನರ ಪಗಾರ ಸೇರಿಸಿ ಕೊಡಿ.

ನಿನ್ನೆ ರಾತ್ರಿ ಎಂಟೂವರೆಗೆ ಅಕ್ಕ ಫೋನ್ ಮಾಡಿದ್ದಳು. ಎರಡು ತಿಂಗಳ ಪಗಾರ ಬಾಕಿ ಇದೆ, ಅದನ್ನೇ ಕೇಳುತ್ತಾಳೆ ಅಂದುಕೊಂಡು ಹೆದರುತ್ತಲೇ ಎತ್ತಿದೆ.

"ಮೇಡಮ್, ಈ ಸಲ ನಮ್ಮ ತಾಂಡಾದಾಗ ಹತ್ತೊಂಬತ್ತು ಮನಿಯವರು ಅಡ್ವಾನ್ಸ್ ತಗೊಂಡಾರ್ರಿ. ಅದರಾಗ ಏಳು ಮನ್ಯಾಗ ಸಾಲಿ ಹುಡುಗ್ರು ಅದಾವ. ಎರಡು ಮನ್ಯಾಗ ಮುದುಕ್ಯಾರು ಒಪ್ಯಾರ. ಇನ್ನ ಐದು ಉಳದಾವ. ನಾಳಿ ಹೋಗಿ ಬರ್ತೀನ್ರಿ."